ನೌರು ದ್ವೀಪದ ಜಮಾ-ಖರ್ಚು

ಪ್ರಪಂಚದ ಭೂಪಟವನ್ನು ಮುಂದಿಟ್ಟುಕೊಂಡು ನೌರು ದ್ವೀಪವನ್ನು ಹುಡುಕುವುದು ಅಷ್ಟೇನೂ ಸುಲಭದ ಕೆಲಸವಲ್ಲ. ಆಸ್ಟ್ರೇಲಿಯದ ಈಶಾನ್ಯಕ್ಕೆ, ಸಮಭಾಜಕ ರೇಖೆಗೆ ಒತ್ತಿಕೊಂಡಂತೆ, ಶಾಂತಸಾಗರದ ನೀಲಿಯ ನಡುವೆ ಒಂದು ಚುಕ್ಕೆ ಇದ್ದರೆ ಇದ್ದೀತು; ಕೆಲವು ಭೂಪಟಗಳಲ್ಲಿ ಹೆಸರು ಮಾತ್ರ ಇದ್ದು ಚುಕ್ಕೆಯೇ ಕಾಣಿಸುವುದಿಲ್ಲ. ದ್ವೀಪದ ವಿಸ್ತೀರ್ಣ 21 ಚದರ ಕಿಲೋಮೀಟರು, ಎಂದರೆ ಸುಮಾರು 8 ಚದರ ಮೈಲಿ. ಅದನ್ನು ಸುತ್ತುವ ರಸ್ತೆಯ ಉದ್ದ 19 ಕಿಲೋಮೀಟರು. ಬೆಳಗಿನ ಕಾಫಿ ಮುಗಿಸಿ ಸೈಕಲ್ಲು ಹತ್ತಿದವರು ದೇಶವನ್ನೆಲ್ಲ ಪ್ರದಕ್ಷಿಣೆ ಮಾಡಿ ಊಟದ ಹೊತ್ತಿಗೆ ಧಾರಾಳವಾಗಿ ಮನೆ ಸೇರಬಹುದು. ಜನಸಂಖ್ಯೆ 12 ಸಾವಿರದ ಆಸುಪಾಸು. ಆದರೂ ಇದೊಂದು ಸ್ವತಂತ್ರ ಗಣರಾಜ್ಯ. 19 ಮಂದಿ ಸದಸ್ಯರ ಪಾರ್ಲಿಮೆಂಟು ಇದೆ, ಅಧ್ಯಕ್ಷರಿದ್ದಾರೆ, ಮಂತ್ರಿಗಳಿದ್ದಾರೆ. ವಿಶ್ವಸಂಸ್ಥೆಯ ಸಾಮಾನ್ಯ ಸಭೆಯಲ್ಲಿ ನಮ್ಮ ದೇಶಕ್ಕಿರುವಂತೆ ಅದಕ್ಕೂ ಒಂದು ಮತವಿದೆ. ಅಧಿಕೃತ ರಾಜಧಾನಿ ಎಂಬುದು ಮಾತ್ರ ಇಲ್ಲ. ಇಷ್ಟು ಪುಟ್ಟ ದೇಶಕ್ಕೆ ಅದರ ಅಗತ್ಯ ಬಿದ್ದಂತಿಲ್ಲ.

ಸುದ್ದಿಯಲ್ಲಿ ನೌರುವಿನ ಹೆಸರು ಬಂದಾಗಲೆಲ್ಲ ಕಥೆಯ ಧಾಟಿ ಒಂದೇ. ಒಂದು ಕಾಲಕ್ಕೆ ತಲಾ ವರಮಾನದಲ್ಲಿ ಪ್ರಪಂಚದ ಅತ್ಯಂತ ಶ್ರೀಮಂತರ ಸಾಲಿನಲ್ಲಿದ್ದ ಜನ ಹಣವನ್ನು ನೀರಿನಂತೆ ಚೆಲ್ಲಿ ದಿವಾಳಿಯೆದ್ದರು ಎಂದು. ಕೇಳಿದೊಡನೆ ನಮ್ಮ ಹಿರಿಯರು ಹೇಳುವ ಗಾದೆ ನೆನಪಾಗುತ್ತದೆ: ಕೂತು ಉಣ್ಣುವವನಿಗೆ ಕುಡಿಕೆ ಹೊನ್ನು ಸಾಲದು. ಗಾದೆ ಸುಳ್ಳಲ್ಲ. ಆದರೆ ಈ ಕುಡಿಕೆಗೆ ಮೊದಲು ಕೈ ಹಾಕಿದವರು ಯಾರು, ಒಡೆಯರ ಕೈಗೆ ಅದು ಬಂದಾಗ ಅದರಲ್ಲಿ ಎಷ್ಟು ಉಳಿದಿತ್ತು, ಉಳಿದದ್ದನ್ನು ಅವರು ಯಾವ ಲೆಕ್ಕದಲ್ಲಿ ಬರೆದುಕೊಂಡರು ಎಂಬುದನ್ನು ನೋಡದೆ, ಲೆಕ್ಕದ ಪುಸ್ತಕದ ಕೊನೆಯ ಪುಟವನ್ನು ಮಾತ್ರ ಓದಿ ತೀರ್ಪು ಕೊಡುವುದು ನ್ಯಾಯವಲ್ಲ.

ಆದುದರಿಂದ ಮೊದಲ ಪುಟದಿಂದಲೇ ಪ್ರಾರಂಭಿಸೋಣ. ದ್ವೀಪದ ಆಕಾರ ಬೋರಲು ಹಾಕಿದ ತಟ್ಟೆಯಂತೆ. ಸುತ್ತಲೂ ಕಡಲತೀರದಲ್ಲಿ ಸೀರೆಯ ಅಂಚಿನಂತೆ ಒಂದು ಹಸಿರು ಪಟ್ಟಿ. ತೆಂಗು ಬೆಳೆಯುವುದು, ಜನ ಮನೆ ಕಟ್ಟಿಕೊಂಡಿರುವುದು ಹೆಚ್ಚಾಗಿ ಅಲ್ಲಿಯೇ. ಅದರ ಅಗಲ ಬಹಳ ಕಡೆ 150ರಿಂದ 300 ಮೀಟರು ಮಾತ್ರ. ಒಳಗಿನದು, ಎಂದರೆ ಐದರಲ್ಲಿ ಸುಮಾರು ನಾಲ್ಕು ಪಾಲು, ಎತ್ತರದ ದಿಣ್ಣೆ. ಸಹಸ್ರಾರು ವರ್ಷಗಳ ಕಾಲ ಕಡಲಹಕ್ಕಿಗಳು ಇಲ್ಲಿ ಬೀಡುಬಿಟ್ಟಿದ್ದುವೆಂದೂ, ಅವುಗಳ ಹಿಕ್ಕೆ ಹವಳದ ಸುಣ್ಣಕಲ್ಲಿನೊಡನೆ ಬೆರೆತು ಫಾಸ್ಫೇಟ್ ಆಯಿತೆಂದೂ ಸಾಮಾನ್ಯವಾಗಿ ವಿವರಿಸುತ್ತಾರೆ. ಸೂಪರ್ ಫಾಸ್ಫೇಟ್ ಗೊಬ್ಬರದ ಚೀಲವನ್ನು ನೀವು ನೋಡಿಯೇ ಇರುತ್ತೀರಿ. ಆ ಗೊಬ್ಬರಕ್ಕೆ ಬೇಕಾದ ಮೂಲಪದಾರ್ಥ ಇದೇ. ನೌರುವಿನಲ್ಲಿದ್ದುದು ಅದರಲ್ಲಿಯೂ ಬಹು ಉತ್ತಮ ದರ್ಜೆಯದು.

ಇದು ಬೆಳಕಿಗೆ ಬಂದ ಬಗೆ ತಮಾಷೆಯಾಗಿದೆ. ಸಿಡ್ನಿ ನಗರದ ಒಂದು ವ್ಯಾಪಾರಿ ಕಂಪನಿಯ ಕಚೇರಿಯಲ್ಲಿ, ಗಾಳಿಗೆ ಬಾಗಿಲು ಹೊಡೆದುಕೊಳ್ಳದಿರಲೆಂದು ಅಡ್ಡವಾಗಿ ಒಂದು ಕಲ್ಲನ್ನು ಇಟ್ಟಿದ್ದರು. ನೌರುವಿನಿಂದ ಯಾರೋ ತಂದದ್ದು. ಕಲ್ಲಾಗಿಹೋದ ಮರದ ತುಂಡೆಂದು ಎಲ್ಲರ ನಂಬಿಕೆ. 1899ರಲ್ಲಿ ಅಲ್ಲಿ ಕೆಲಸಕ್ಕಿದ್ದ ಆಲ್ಬರ್ಟ್ ಎಲ್ಲಿಸ್ ಎಂಬಾತನಿಗೆ ಸಂಶಯ ಬಂದು ಅದನ್ನು ಪರೀಕ್ಷೆ ಮಾಡಿದ. ಬಾಗಿಲಿಗೆ ಕೊಟ್ಟಿದ್ದ ಕಲ್ಲು ಫಾಸ್ಫೇಟ್ ಎಂದು ಗೊತ್ತಾಯಿತು. ಕೆಲವೇ ವರ್ಷಗಳಲ್ಲಿ ಗುದ್ದಲಿಗಳು ದ್ವೀಪಕ್ಕೆ ಬಂದುವು. ಆಗ ನೌರು ಜರ್ಮನಿಯ ಅಧೀನದಲ್ಲಿದ್ದಿತು. ಅಗೆತದ ಹಕ್ಕು ಬ್ರಿಟಿಷ್ ಕಂಪನಿಗೆ ದೊರೆಯಿತು. ನೆಲದ ಒಡೆಯನಿಗೆ ಕೊಟ್ಟ ರಾಜಧನ ಮೊದಮೊದಲು ಟನ್ನಿಗೆ ಅರ್ಧ ಪೆನ್ನಿ. ಟನ್ನು ಎಂದರೆ ಒಂದು ಎತ್ತಿನ ಗಾಡಿ ತುಂಬ ಹೇರುವಷ್ಟು ಮಣ್ಣು ಎಂದು ನೀವು ಭಾವಿಸಿಕೊಂಡರೆ ಈ ಬೆಲೆಯ ಅರ್ಥ ತಾನಾಗಿಯೇ ಆಗುತ್ತದೆ.

ಮೊದಲನೆಯ ಮಹಾಯುದ್ಧದಲ್ಲಿ ಜರ್ಮನರು ಹೋದರು. 1919ರಲ್ಲಿ ಬ್ರಿಟನ್, ಆಸ್ಟ್ರೇಲಿಯ, ನ್ಯೂಜಿಲೆಂಡ್ ಮೂರೂ ಸರ್ಕಾರಗಳು ಸೇರಿ ಬ್ರಿಟಿಷ್ ಫಾಸ್ಫೇಟ್ ಕಮಿಷನರುಗಳು ಎಂಬ ಮಂಡಲಿಯನ್ನು ಏರ್ಪಡಿಸಿ ಗಣಿಯನ್ನೇ ಕೊಂಡುಕೊಂಡವು. ಈ ಮಂಡಲಿ ಫಾಸ್ಫೇಟನ್ನು ಪ್ರಪಂಚದ ಪೇಟೆಯ ಧಾರಣೆಗಿಂತ ಕಡಿಮೆ ಬೆಲೆಗೆ ತಮ್ಮ ದೇಶಗಳ ರೈತರಿಗೆ ಒದಗಿಸಿತು. ಆಸ್ಟ್ರೇಲಿಯ, ನ್ಯೂಜಿಲೆಂಡುಗಳ ಹುಲ್ಲುಗಾವಲು ಗೋಧಿಹೊಲಗಳು ಈ ಅಗ್ಗದ ಗೊಬ್ಬರದಿಂದ ಸಮೃದ್ಧವಾದುವು. ಅಲ್ಲಿಯ ರೈತನಿಗೆ ಅದೊಂದು ನ್ಯಾಯಬೆಲೆ ಅಂಗಡಿ. ಸರಕು ಒದಗಿಸಿದ ದ್ವೀಪಕ್ಕೆ ಸಿಕ್ಕ ಬೆಲೆಯಲ್ಲಿ ನ್ಯಾಯ ಎಷ್ಟಿತ್ತೆಂಬ ಪ್ರಶ್ನೆಯನ್ನು ಕೇಳುವವರು ಬಹುಕಾಲ ಇರಲಿಲ್ಲ.

ಫಾಸ್ಫೇಟ್ ಅಗೆಯುವ ಕ್ರಮವನ್ನು ಇಲ್ಲಿ ಸ್ವಲ್ಪ ತಿಳಿದುಕೊಳ್ಳಬೇಕು. ಮುಂದಿನ ಕಷ್ಟವೆಲ್ಲ ಅದರಿಂದಲೇ ಹುಟ್ಟಿತು. ದಿಣ್ಣೆಯ ಮೇಲೆ ಹವಳದ ಸುಣ್ಣಕಲ್ಲು ಕಂಬಕಂಬವಾಗಿ ನಿಂತಿದೆ. ಫಾಸ್ಫೇಟ್ ಆ ಕಂಬಗಳ ಸಂದುಗಳಲ್ಲಿ, ಹಲ್ಲುಗಳ ನಡುವೆ ಸಿಕ್ಕಿಕೊಂಡ ಅನ್ನದಂತೆ, ತುಂಬಿಕೊಂಡಿದ್ದಿತು. ಮೇಲಿನ ಗಿಡಮರ ಕಡಿದು, ಸಂದಿನ ಮಣ್ಣನ್ನೆಲ್ಲ ಬಾಚಿ ತೆಗೆದ ಮೇಲೆ ಉಳಿಯುವುದು ಬೋಳು ಕಲ್ಲಿನ ಕೋರೆಹಲ್ಲುಗಳು, ಒಂದಾಳು ಎರಡಾಳಿಗಿಂತ ಆಳವಾದ ಗುಂಡಿಗಳು. ಅಲ್ಲಿ ನೇಗಿಲು ಹೂಡುವಂತಿಲ್ಲ, ಮನೆ ಕಟ್ಟುವಂತಿಲ್ಲ, ನೆಟ್ಟಗೆ ನಡೆಯುವುದೂ ಸಾಧ್ಯವಿಲ್ಲ. ಹಡಗು ತಂಗಲು ಸಹಜವಾದ ಬಂದರಿಲ್ಲದ್ದರಿಂದ, ಹವಳದಂಡೆಯನ್ನು ದಾಟಿ ಕಡಲಿನ ಮೇಲಕ್ಕೆ ಚಾಚಿಕೊಂಡ ದೊಡ್ಡ ಕಬ್ಬಿಣದ ತೋಳುಗಳ ಮೂಲಕ ಮಣ್ಣನ್ನು ಹಡಗಿಗೆ ಸುರಿಯುತ್ತಿದ್ದರು. ದೇಶದ ನೆಲವೇ ಹೀಗೆ ಹಡಗು ಹತ್ತಿ ಹೋಯಿತು.

ಇನ್ನು ಆ ನೆಲದ ಜನ. ಹೊರಗಿನವರ ರೋಗರುಜಿನಗಳಿಂದ ಅವರ ಸಂಖ್ಯೆ ಬಹಳ ಕುಗ್ಗಿದ್ದಿತು. ಕುಲ ಉಳಿಯಬೇಕಾದರೆ ಕಡೆಯ ಪಕ್ಷ 1,500 ಮಂದಿ ಇರಬೇಕೆಂದು ಲೆಕ್ಕ ಹಾಕಿದ್ದರು. 1932ರ ಅಕ್ಟೋಬರ್ 26ರಂದು ಒಂದು ಹೆಣ್ಣುಮಗು ಹುಟ್ಟಿ ಆ ಸಂಖ್ಯೆ ತುಂಬಿತು. ಆ ದಿನವನ್ನು ಅವರು 'ಅಂಗಾಮ್' ಎಂದು ಇಂದಿಗೂ ಹಬ್ಬವಾಗಿ ಆಚರಿಸುತ್ತಾರೆ. ಹತ್ತು ವರ್ಷ ಕಳೆಯುವುದರೊಳಗೆ ಜಪಾನೀಯರು ದ್ವೀಪವನ್ನು ಹಿಡಿದರು; 1943ರಲ್ಲಿ 1,200 ಮಂದಿಯನ್ನು ದೂರದ ಟ್ರೂಕ್ ದ್ವೀಪಗಳಿಗೆ ಕೂಲಿಗಾಗಿ ಸಾಗಿಸಿದರು. ಹಸಿವು, ರೋಗ, ಬಾಂಬುಗಳಿಗೆ ಸಿಕ್ಕಿ ಉಳಿದು 1946ರ ಜನವರಿ 31ರಂದು ಮರಳಿ ಬಂದವರು 737 ಮಂದಿ. ಜನಸಂಖ್ಯೆ ಮತ್ತೆ 1,500 ಆದದ್ದು 1949ರಲ್ಲಿ.

ದಿಣ್ಣೆ ಬರಿದಾಗುತ್ತ ಬಂದಂತೆ ಆಳುವವರಿಗೆ ಒಂದು ಉಪಾಯ ಹೊಳೆಯಿತು. 1960ರ ದಶಕದ ಆರಂಭದಲ್ಲಿ ಆಸ್ಟ್ರೇಲಿಯ, ನೌರು ಜನರನ್ನೆಲ್ಲ ಕ್ವೀನ್ಸ್‌ಲೆಂಡ್ ತೀರದ ಕರ್ಟಿಸ್ ದ್ವೀಪಕ್ಕೆ ಸ್ಥಳಾಂತರ ಮಾಡುವ ಸಲಹೆಯನ್ನು ಮುಂದಿಟ್ಟಿತು. ಮನೆ, ಕೆಲಸ, ಪೌರತ್ವ ಎಲ್ಲವನ್ನೂ ಕೊಡುವುದಾಗಿ ಹೇಳಿತು; ಸ್ವಾತಂತ್ರ್ಯವೊಂದನ್ನು ಬಿಟ್ಟು. ಮುಖಂಡರಾಗಿದ್ದ ಹ್ಯಾಮರ್ ಡಿರಾಬರ್ಟ್ ಅವರೂ ಅವರ ಜೊತೆಯವರೂ 1964ರಲ್ಲಿ ಅದನ್ನು ತಿರಸ್ಕರಿಸಿದರು. 1968ರ ಜನವರಿ 31ರಂದು, ಟ್ರೂಕಿನಿಂದ ಜನ ಮರಳಿ ಬಂದ ತಾರೀಖಿನಂದೇ, ನೌರು ಸ್ವತಂತ್ರವಾಯಿತು. ಡಿರಾಬರ್ಟ್ ಮೊದಲನೆಯ ಅಧ್ಯಕ್ಷರಾದರು. ತಮ್ಮದೇ ನೆಲದ ಗಣಿಯ ಆಸ್ತಿಯನ್ನು ಪಡೆದುಕೊಳ್ಳಲು ಅವರು 2 ಕೋಟಿ 10 ಲಕ್ಷ ಆಸ್ಟ್ರೇಲಿಯನ್ ಡಾಲರುಗಳನ್ನು ತೆರಬೇಕಾಯಿತು. ಅಷ್ಟು ಹೊತ್ತಿಗೆ ಫಾಸ್ಫೇಟ್ ಭೂಮಿಯ ಮೂರನೆಯ ಒಂದು ಪಾಲು ಅಗೆದು ಮುಗಿದಿದ್ದಿತು.

ಈಗ ನಾವು ಲೆಕ್ಕದ ಮುಖ್ಯವಾದ ಜಾಗಕ್ಕೆ ಬಂದೆವು. ತೆಂಗಿನ ತೋಟವುಳ್ಳವರು ಕಾಯಿ ಮಾರಿ ಬಂದ ಹಣವನ್ನು ವರಮಾನವೆಂದು ಬರೆದುಕೊಳ್ಳುತ್ತಾರೆ. ಮುಂದಿನ ವರ್ಷ ಮರ ಮತ್ತೆ ಕಾಯಿ ಬಿಡುತ್ತದೆ. ಮರಗಳನ್ನೇ ಕಡಿದು ಮಾರಿದರೆ ಬರುವ ಹಣ ಅದಕ್ಕಿಂತ ಹೆಚ್ಚು. ಆದರೆ ಅದನ್ನು ವರಮಾನವೆಂದು ಬರೆಯುವ ಯಜಮಾನನಿಗೆ ಮನೆಯವರು ಬುದ್ಧಿ ಹೇಳದೆ ಇರರು. ದೇಶಗಳ ಲೆಕ್ಕದಲ್ಲಿ ಮಾತ್ರ ಈ ಬುದ್ಧಿ ಹೇಳುವವರಿಲ್ಲ. ರಾಷ್ಟ್ರೀಯ ವರಮಾನ ಎಂದು ಅರ್ಥಶಾಸ್ತ್ರಜ್ಞರು ಎಣಿಸುವ ಮೊತ್ತದಲ್ಲಿ ಅಗೆದು ಮಾರಿದ ಮಣ್ಣಿನ ಬೆಲೆಯೆಲ್ಲ ಜಮೆಯ ಕಡೆಗೆ ಬೀಳುತ್ತದೆ. ಹೋದ ಮಣ್ಣು ಖರ್ಚಿನ ಕಡೆ ಕಾಣಿಸುವುದೇ ಇಲ್ಲ. 1970ರ ದಶಕದಲ್ಲಿ ಫಾಸ್ಫೇಟಿನ ಧಾರಣೆ ಗಗನಕ್ಕೇರಿದಾಗ ನೌರು ಅತಿ ಶ್ರೀಮಂತವೆನಿಸಿದ್ದು ಈ ಲೆಕ್ಕದಿಂದ. ನನ್ನ ಮಟ್ಟಿಗೆ, ಆ ಜನ ಶ್ರೀಮಂತರಾಗಿರಲೇ ಇಲ್ಲ. ಕೈಯಲ್ಲಿ ನಗದು ಇದ್ದಿತು, ಅಷ್ಟೆ.

ಇದು ಅವರಿಗೆ ತಿಳಿದಿರಲಿಲ್ಲವೆಂದಲ್ಲ. ಫಾಸ್ಫೇಟ್ ತೀರಿಹೋಗುವ ದಿನವನ್ನು ಅವರು ಬಲ್ಲವರಾಗಿದ್ದರು. ಆದುದರಿಂದಲೇ ಆದಾಯದ ಒಂದು ಭಾಗವನ್ನು ನಿಧಿಗೆ ಸೇರಿಸುತ್ತ ಬಂದರು. ಆ ನಿಧಿ ಒಂದು ಕಾಲಕ್ಕೆ 100 ಕೋಟಿ ಆಸ್ಟ್ರೇಲಿಯನ್ ಡಾಲರುಗಳಿಗೂ ಮೀರಿ ಬೆಳೆದಿದ್ದಿತು. ಮೆಲ್ಬೋರ್ನ್ ನಗರದಲ್ಲಿ 52 ಅಂತಸ್ತಿನ 'ನೌರು ಹೌಸ್' 1977ರಲ್ಲಿ ಎದ್ದುನಿಂತಿತು. ಊರಿನ ಕಿಡಿಗೇಡಿಗಳು ಅದಕ್ಕೆ ಹಕ್ಕಿಯ ಹಿಕ್ಕೆಯ ಗೋಪುರವೆಂದು ಹೆಸರಿಟ್ಟರೂ, ಬಾಡಿಗೆ ತರುವ ಕಟ್ಟಡವನ್ನು ದೊಡ್ಡ ಪಟ್ಟಣದಲ್ಲಿ ಕಟ್ಟಿದ್ದು ಅವಿವೇಕವೇನಲ್ಲ. ಅವಿವೇಕದ ಬಾಬುಗಳು ಬೇರೆ ಇದ್ದುವು. ಕೆಲವೇ ಸಾವಿರ ಜನರ ದೇಶಕ್ಕೆ ಐದಾರು ಜೆಟ್ ವಿಮಾನಗಳು. ಲಿಯೊನಾರ್ಡೊ ಡಾ ವಿಂಚಿಯ ಜೀವನವನ್ನು ಕುರಿತು 1993ರಲ್ಲಿ ಲಂಡನ್ನಿನಲ್ಲಿ ಆಡಿಸಿದ, ಕೆಲವೇ ವಾರಗಳಲ್ಲಿ ಮುಚ್ಚಿದ ಸಂಗೀತನಾಟಕಕ್ಕೆ ಬಂಡವಾಳ. ಪತ್ರಿಕೆಯವರು ಮರೆಯದೆ ಎತ್ತಿ ಹೇಳುವುದು ಈ ನಾಟಕವನ್ನೇ. ಆದರೆ ನಿಜವಾದ ಪೆಟ್ಟು ಬಿದ್ದದ್ದು ನಾಟಕದಿಂದಲ್ಲ, ಸಾಲದಿಂದ. ತೆರಿಗೆ ಇಲ್ಲ, ಔಷಧೋಪಚಾರ ವಿದ್ಯಾಭ್ಯಾಸಗಳಿಗೆ ಶುಲ್ಕವಿಲ್ಲ, ದುಡಿಯುವವರಲ್ಲಿ ಬಹುಪಾಲು ಸರ್ಕಾರಿ ನೌಕರರು. ಫಾಸ್ಫೇಟಿನ ಹುಟ್ಟುವಳಿ ಇಳಿದಾಗ ಖರ್ಚು ಇಳಿಯಲಿಲ್ಲ. ವರ್ಷವರ್ಷವೂ ಬಿದ್ದ ಕೊರತೆಯನ್ನು ಸಾಲದಿಂದ ತುಂಬಿದರು. ಆ ಸಾಲಕ್ಕೆ ನಿಧಿಯ ಆಸ್ತಿಗಳನ್ನೇ ಅಡವಿಟ್ಟರು. 2004ರಲ್ಲಿ ಸಾಲಗಾರರು ನೌರು ಹೌಸನ್ನು ಮಾರಿಸಿದರು. 2005ರ ಡಿಸೆಂಬರಿನಲ್ಲಿ ಉಳಿದಿದ್ದ ಒಂದೇ ಒಂದು ವಿಮಾನವೂ ಜಪ್ತಿಯಾಗಿ ಹೋಯಿತು.

ಇಲ್ಲಿ ಸಣ್ಣ ದೇಶದ ಒಂದು ವಿಶೇಷ ಕಷ್ಟವನ್ನು ಗಮನಿಸಬೇಕು. ದೊಡ್ಡ ನಿಧಿಯನ್ನು ಕಾಯಲು ನುರಿತ ಲೆಕ್ಕಿಗರು, ನಿರ್ದಾಕ್ಷಿಣ್ಯವಾದ ಆಡಿಟರುಗಳು, ಕಾನೂನು ಬಲ್ಲವರು ಬೇಕು. ಕೋಟ್ಯಂತರ ಜನರಿರುವ ದೇಶಕ್ಕೂ ಹಣಕಾಸಿನ ಇಲಾಖೆ ಒಂದೇ, ಹತ್ತು ಸಾವಿರ ಜನರಿರುವ ದೇಶಕ್ಕೂ ಒಂದೇ. ಆದರೆ ಆ ಕುರ್ಚಿಗಳಲ್ಲಿ ಕೂರಲು ಜನವನ್ನು ಎಲ್ಲಿಂದ ತರುವುದು? ಸಿಕ್ಕ ಕೆಲವರೂ ಒಬ್ಬರಿಗೊಬ್ಬರು ನೆಂಟರಾಗಿರುತ್ತಾರೆ. ಸೋದರಮಾವನ ಲೆಕ್ಕವನ್ನು ಆಡಿಟ್ ಮಾಡುವುದು ಯಾವ ಊರಿನಲ್ಲಿಯೂ ಸುಲಭವಲ್ಲ. ಹೊರಗಿನಿಂದ ಕರೆಸಿದ ಸಲಹೆಗಾರರಲ್ಲಿ ಕೆಲವರು ದ್ವೀಪದ ಹಿತಕ್ಕಿಂತ ತಮ್ಮ ಹಿತವನ್ನೇ ನೋಡಿಕೊಂಡರು. ರಾಜಕೀಯವೂ ಸ್ಥಿರವಾಗಿರಲಿಲ್ಲ: 2003ನೆಯ ಒಂದೇ ವರ್ಷದಲ್ಲಿ ಅಧ್ಯಕ್ಷ ಪದವಿ ಐದು ಬಾರಿಗೂ ಹೆಚ್ಚಾಗಿ ಕೈ ಬದಲಾಯಿಸಿತು.

ನಡುವೆ ಒಂದು ಹಳೆಯ ಬಾಕಿ ವಸೂಲಾಯಿತು. ಸ್ವಾತಂತ್ರ್ಯಕ್ಕೆ ಮೊದಲು ಅಗೆದು ಹಾಳುಮಾಡಿದ ನೆಲವನ್ನು ಸರಿಪಡಿಸುವ ಹೊಣೆ ಯಾರದೆಂದು ವಿಚಾರಿಸಲು ನೌರು 1986ರಲ್ಲಿ ಒಂದು ಆಯೋಗವನ್ನು ನೇಮಿಸಿತು. ಶ್ರೀಲಂಕೆಯ ಪ್ರಸಿದ್ಧ ನ್ಯಾಯವೇತ್ತ ಕ್ರಿಸ್ಟೊಫರ್ ವೀರಮಂತ್ರಿ ಅವರು ಅದರ ಅಧ್ಯಕ್ಷರು. ಆಯೋಗದ ವರದಿಯ ಬಲದ ಮೇಲೆ 1989ರಲ್ಲಿ ನೌರು ಆಸ್ಟ್ರೇಲಿಯದ ವಿರುದ್ಧ ಹೇಗ್ ನಗರದ ಅಂತರರಾಷ್ಟ್ರೀಯ ನ್ಯಾಯಾಲಯಕ್ಕೆ ಹೋಯಿತು. ಈ ದೂರನ್ನು ವಿಚಾರಣೆಗೆ ತೆಗೆದುಕೊಳ್ಳಬಹುದೆಂದು ನ್ಯಾಯಾಲಯ 1992ರಲ್ಲಿ ಹೇಳಿತು. ಮರುವರ್ಷ ಆಸ್ಟ್ರೇಲಿಯ ರಾಜಿಗೆ ಬಂದು, 10 ಕೋಟಿ 70 ಲಕ್ಷ ಆಸ್ಟ್ರೇಲಿಯನ್ ಡಾಲರುಗಳನ್ನು ಕೊಡಲು ಒಪ್ಪಿತು. ಅದರಲ್ಲಿ 5 ಕೋಟಿ 20 ವರ್ಷಗಳ ಕಂತಿನಲ್ಲಿ. ಬಾಕಿ ಬಂದರೂ ದಿಣ್ಣೆ ಹಸಿರಾಗಲಿಲ್ಲ. ಕಲ್ಲಿನ ಕಂಬಗಳನ್ನು ಒಡೆದು ಗುಂಡಿ ತುಂಬಿ ಸಮ ಮಾಡುವ ಕೆಲಸ ಇಂದಿಗೂ ಅಲ್ಪಸ್ವಲ್ಪವೇ ನಡೆದಿದೆ.

ಮಣ್ಣು ಮುಗಿದ ಮೇಲೆ ನೌರುವಿನ ಹತ್ತಿರ ಮಾರಲು ಉಳಿದ ಸರಕು ಒಂದೇ: ತಾನೊಂದು ಸ್ವತಂತ್ರ ದೇಶವೆಂಬ ಮುದ್ರೆ. 1990ರ ದಶಕದಲ್ಲಿ ಹೊರಗಿನವರಿಗೆ ಬ್ಯಾಂಕಿನ ಪರವಾನಗಿಗಳನ್ನು ಮಾರಿತು. ಕಟ್ಟಡವೂ ಗುಮಾಸ್ತರೂ ಇಲ್ಲದ, ಅಂಚೆಪೆಟ್ಟಿಗೆಯ ಸಂಖ್ಯೆ ಮಾತ್ರವಿದ್ದ ಸುಮಾರು 400 ಬ್ಯಾಂಕುಗಳು ದ್ವೀಪದ ಹೆಸರಿನಲ್ಲಿ ನೋಂದಣಿಯಾದುವು. ಕಳ್ಳಹಣದ ದಾರಿಯಾಗಿದೆಯೆಂದು 2000ದಲ್ಲಿ ನೌರುವನ್ನು ಅಂತರರಾಷ್ಟ್ರೀಯ ಕಪ್ಪುಪಟ್ಟಿಗೆ ಸೇರಿಸಿದರು. ಅದರಿಂದ ಬಿಡುಗಡೆ ಸಿಕ್ಕಿದ್ದು 2005ರಲ್ಲಿ. ವಿಚಿತ್ರವೆಂದರೆ, ಸ್ವಂತ ಸರ್ಕಾರಿ ಬ್ಯಾಂಕು ಮುಳುಗಿದ ಬಳಿಕ, 2015ರಲ್ಲಿ ಆಸ್ಟ್ರೇಲಿಯದ ಒಂದು ಬ್ಯಾಂಕು ಏಜೆನ್ಸಿ ತೆರೆಯುವವರೆಗೆ, ಅಲ್ಲಿಯ ಜನರಿಗೆ ಉಳಿತಾಯದ ಹಣ ಇಡಲು ಊರಿನಲ್ಲಿ ಬ್ಯಾಂಕೇ ಇರಲಿಲ್ಲ.

ಅದೇ ಬಗೆಯ ಮಾರಾಟದ ಇನ್ನೊಂದು ಅಧ್ಯಾಯ ಹೆಚ್ಚು ನೋವಿನದು. ದೋಣಿಯೇರಿ ಆಶ್ರಯ ಕೇಳಿ ಬರುವವರನ್ನು ತನ್ನ ನೆಲಕ್ಕೆ ಸೇರಿಸಬಾರದೆಂದು ನಿಶ್ಚಯಿಸಿದ ಆಸ್ಟ್ರೇಲಿಯ, 2001ರಲ್ಲಿ ಅವರನ್ನು ನೌರುವಿನ ಶಿಬಿರಗಳಿಗೆ ಕಳುಹಿಸತೊಡಗಿತು. 2008ರಲ್ಲಿ ಮುಚ್ಚಿದ ಶಿಬಿರ 2012ರಲ್ಲಿ ಮತ್ತೆ ತೆರೆಯಿತು. ಬೊಕ್ಕಸಕ್ಕೆ ಹಣ ಬಂದಿತು, ಊರಿಗೆ ಉದ್ಯೋಗ ಬಂದಿತು. ಶಿಬಿರದೊಳಗೆ ವರ್ಷಗಟ್ಟಲೆ ಕಾದವರ ಮನಸ್ಸು, ಮಕ್ಕಳ ಆರೋಗ್ಯ ಕೆಟ್ಟುದನ್ನು ವೈದ್ಯರು ಸಾರಿ ಹೇಳಿದರು. 2025ರ ಆಗಸ್ಟಿನಲ್ಲಿ ಇನ್ನೊಂದು ಒಪ್ಪಂದವಾಯಿತು. ಆಸ್ಟ್ರೇಲಿಯದಲ್ಲಿ ವೀಸಾ ರದ್ದಾಗಿದ್ದರೂ ಸ್ವದೇಶಕ್ಕೆ ಕಳುಹಿಸಲಾಗದವರನ್ನು ನೌರು ಇಟ್ಟುಕೊಳ್ಳುವುದಕ್ಕೆ ಮೊದಲು 40 ಕೋಟಿ 80 ಲಕ್ಷ, ಆಮೇಲೆ ವರ್ಷಕ್ಕೆ 7 ಕೋಟಿಯವರೆಗೆ ಆಸ್ಟ್ರೇಲಿಯನ್ ಡಾಲರು. ಫಾಸ್ಫೇಟಿಗೆ ಗಿರಾಕಿಯಾಗಿದ್ದವರೇ ಇದಕ್ಕೂ ಗಿರಾಕಿ. ಒಬ್ಬನೇ ಗಿರಾಕಿಯನ್ನು ನಂಬಿದ ಅಂಗಡಿಯಲ್ಲಿ ಬೆಲೆ ಗೊತ್ತುಮಾಡುವವರು ಯಾರೆಂಬುದನ್ನು ಪೇಟೆಯ ಓದುಗರಿಗೆ ವಿವರಿಸಬೇಕಾಗಿಲ್ಲ.

ಇಷ್ಟೆಲ್ಲ ಕೇಳಿದ ಮೇಲೆ ಒಂದು ಒಳ್ಳೆಯ ಸುದ್ದಿಯನ್ನೂ ಕೇಳಿರಿ. ನೌರುವಿನ ನೆಲ 21 ಚದರ ಕಿಲೋಮೀಟರು ಆದರೂ, ಅಂತರರಾಷ್ಟ್ರೀಯ ಕಾನೂನಿನಂತೆ ಅದರ ಹಕ್ಕಿಗೆ ಒಳಪಟ್ಟ ಕಡಲು 3 ಲಕ್ಷ ಚದರ ಕಿಲೋಮೀಟರುಗಳಿಗೂ ಮಿಕ್ಕಿದೆ. ನಮ್ಮ ಕರ್ನಾಟಕದ ಒಂದೂವರೆಯಷ್ಟು! ಆ ಕಡಲಿನಲ್ಲಿ ಟ್ಯೂನ ಮೀನಿನ ಹಿಂಡುಗಳು ಹೇರಳ. ಹಿಂದೆ ದೂರದೇಶದ ಮೀನುಗಾರಿಕೆಯ ಹಡಗುಗಳು ಒಂದೊಂದು ದ್ವೀಪದ ಹತ್ತಿರವೂ ಬೇರೆ ಬೇರೆಯಾಗಿ ಚೌಕಾಸಿ ಮಾಡಿ, ಒಬ್ಬರ ಮೇಲೊಬ್ಬರನ್ನು ಹಾಕಿ, ಅಗ್ಗದಲ್ಲಿ ಪರವಾನಗಿ ಗಿಟ್ಟಿಸುತ್ತಿದ್ದುವು. 1982ರಲ್ಲಿ ಈ ಭಾಗದ ದ್ವೀಪದೇಶಗಳು ಒಂದು ಒಡಂಬಡಿಕೆ ಮಾಡಿಕೊಂಡುವು. ಅದರ ಹೆಸರೇ ನೌರು ಒಡಂಬಡಿಕೆ. ಇಂದು ಅದರಲ್ಲಿ ಎಂಟು ದೇಶಗಳಿವೆ. 2007ರಿಂದ ಅವರು ಹಡಗಿನ ದಿನಗಳನ್ನು ಮಾರುತ್ತಾರೆ. ಕ್ರಮ ಹೀಗೆ: ವರ್ಷಕ್ಕೆ ಒಟ್ಟು ಎಷ್ಟು ದಿನಗಳ ಮೀನುಗಾರಿಕೆಯನ್ನು ಕಡಲು ತಾಳಬಲ್ಲದೆಂದು ಗೊತ್ತುಮಾಡಿ, ಆ ದಿನಗಳನ್ನು ಎಂಟೂ ದೇಶಗಳಿಗೆ ಹಂಚುತ್ತಾರೆ. ಹಡಗಿನವರು ದಿನಗಳನ್ನು ಕೊಂಡು ಬಲೆ ಬೀಸಬೇಕು. ದಿನವೊಂದಕ್ಕೆ 8,000 ಅಮೆರಿಕನ್ ಡಾಲರಿಗಿಂತ ಕಡಿಮೆಗೆ ಕೊಡಬಾರದೆಂದು 2015ರಲ್ಲಿ ಕಟ್ಟು ಮಾಡಿಕೊಂಡರು. ಚಿಕ್ಕವರು ಒಂದಾಗಿ ನಿಂತಾಗ ಚೌಕಾಸಿಯ ಬಲವೇ ಬದಲಾಯಿತು. ಮೀನು ಮರಿ ಹಾಕುತ್ತದೆ. ಮಿತಿಯಲ್ಲಿ ಹಿಡಿದರೆ ಇದು ಕಾಯಿ ಮಾರಿದ ಹಣ, ಮರ ಮಾರಿದ್ದಲ್ಲ. ಶಾಂತಸಾಗರದ ನೀರು ಬಿಸಿಯಾಗಿ ಹಿಂಡುಗಳು ದಿಕ್ಕು ಬದಲಿಸುವ ಭಯವೊಂದಿದೆ.

ಹಳೆಯ ಪಾಠವನ್ನು ಕಲಿತ ಗುರುತೂ ಇದೆ. 2015ರಲ್ಲಿ ಮುಂದಿನ ತಲೆಮಾರುಗಳಿಗಾಗಿ ಹೊಸ ನಿಧಿಯೊಂದನ್ನು ಸ್ಥಾಪಿಸಿದರು. ನೌರುವಿನ ಜೊತೆಗೆ ಹಣ ಹಾಕುವ ಹೊರಗಿನವರೂ ಆಡಳಿತದಲ್ಲಿ ಕೂರುತ್ತಾರೆ. 2033ರವರೆಗೆ ಅದರಿಂದ ಒಂದು ಕಾಸನ್ನೂ ತೆಗೆಯುವಂತಿಲ್ಲ. ನೆಂಟರ ಕಾವಲಿಗಿಂತ ಇದು ಬಿಗಿಯಾದ ಬೀಗವೆಂದು ಹೇಳಬಹುದು. ಇತ್ತ, ಆಳಸಾಗರದ ತಳದಲ್ಲಿ ಬಿದ್ದಿರುವ ನಿಕ್ಕಲ್, ಕೋಬಾಲ್ಟ್, ಮ್ಯಾಂಗನೀಸ್ ಗಡ್ಡೆಗಳನ್ನು ಎತ್ತುವ ಉದ್ಯಮವೊಂದಕ್ಕೆ ನೌರು ಪ್ರಾಯೋಜಕನಾಗಿ ನಿಂತು, ಅದರ ನಿಯಮಗಳನ್ನು ಎರಡು ವರ್ಷದೊಳಗೆ ಮುಗಿಸಿರೆಂದು 2021ರಲ್ಲಿ ಅಂತರರಾಷ್ಟ್ರೀಯ ಸಮುದ್ರತಳ ಪ್ರಾಧಿಕಾರವನ್ನು ಒತ್ತಾಯಿಸಿತು. ಗಡುವು ಮುಗಿದರೂ ನಿಯಮಗಳು ಸಿದ್ಧವಾಗಲಿಲ್ಲ. ಆ ಗಡ್ಡೆಗಳು ಒಂದಿಷ್ಟು ಬೆಳೆಯಲು ಲಕ್ಷಾಂತರ ವರ್ಷ ಬೇಕು. ಇದು ಕಾಯಿಯೋ ಮರವೋ ಎಂಬುದನ್ನು ನೀವೇ ಹೇಳಬಹುದು.

ಕೊನೆಗೆ ಮತ್ತೆ ಆ ದಿಣ್ಣೆಯ ಮಾತೇ ಬರುತ್ತದೆ. ಸಮುದ್ರದ ಮಟ್ಟ ಏರುತ್ತಿರುವುದರಿಂದ ತೀರದ ಹಸಿರು ಪಟ್ಟಿಯಲ್ಲಿರುವ ಮನೆ, ಆಸ್ಪತ್ರೆ, ವಿಮಾನ ನಿಲ್ದಾಣ ಎಲ್ಲವೂ ಅಪಾಯದಲ್ಲಿವೆ. ಜನರಲ್ಲಿ ಹೆಚ್ಚಿನವರನ್ನು ಕ್ರಮೇಣ ಎತ್ತರದ ಜಾಗಕ್ಕೆ ಸಾಗಿಸುವ ಯೋಜನೆಯನ್ನು ಸರ್ಕಾರ ಹಾಕಿಕೊಂಡಿದೆ. ಎತ್ತರದ ಜಾಗವೆಂದರೆ ಒಂದು ಶತಮಾನ ಕಾಲ ಅಗೆದು ಬಿಟ್ಟ ಆ ಕೋರೆಹಲ್ಲುಗಳ ಬಯಲೇ. ಖರ್ಚಿಗೆ ಹಣ ಕೂಡಿಸಲು 2025ರಲ್ಲಿ ಪೌರತ್ವವನ್ನು ಸುಮಾರು ಒಂದು ಲಕ್ಷ ಅಮೆರಿಕನ್ ಡಾಲರಿಗೆ ಒಂದರಂತೆ ಹೊರಗಿನವರಿಗೆ ಕೊಡುವ ಏರ್ಪಾಡನ್ನು ಪ್ರಾರಂಭಿಸಿದರು. ಹಣ ಕೂಡಿದರೂ ಕೆಲಸ ಬೇಗ ಸಾಗುವಂತಿಲ್ಲ. ಕಂಬಗಳನ್ನು ಒಡೆಯಬೇಕು, ಗುಂಡಿ ತುಂಬಬೇಕು, ಕುಡಿಯುವ ನೀರನ್ನು ಕಡಲಿನಿಂದ ಉಪ್ಪು ತೆಗೆದು ಮೇಲಕ್ಕೆ ಹಾಯಿಸಬೇಕು. ಇದಕ್ಕೆಲ್ಲ ಮೊದಲು ನೆಲದ ಒಡೆಯರ ಒಪ್ಪಿಗೆ ಬೇಕು. ನೌರುವಿನಲ್ಲಿ ಭೂಮಿ ಸರ್ಕಾರದ್ದಲ್ಲ, ಕುಟುಂಬಗಳದ್ದು. ತಲೆಮಾರಿನಿಂದ ತಲೆಮಾರಿಗೆ ಎಲ್ಲ ಮಕ್ಕಳಿಗೂ ಹಂಚಿಕೆಯಾಗುತ್ತ ಬಂದು ಒಂದೊಂದು ತುಂಡಿಗೆ ಹತ್ತಾರು, ಕೆಲವೆಡೆ ನೂರಾರು ಪಾಲುದಾರರಿದ್ದಾರೆ. ಮಣ್ಣು ಹೋಗಿ ಕಲ್ಲು ಮಾತ್ರ ಉಳಿದಿರುವ ಆ ತುಂಡುಗಳಲ್ಲಿಯೂ ಯಾರ ಪಾಲು ಎಲ್ಲಿಂದ ಎಲ್ಲಿಯವರೆಗೆ ಎಂಬುದನ್ನು ಅವರು ಚೆನ್ನಾಗಿ ಬಲ್ಲರು.